ಆಟಿಯಲ್ಲೂ ಒಣಗಬೇಕಾದ ಬಟ್ಟೆ

ಬಟ್ಟೆ ಡೈಪರುಗಳ ಬಗ್ಗೆ ತಿಳಿದುಕೊಳ್ಳಲು ಹೊರಟವರಿಗೆ ಮೊದಲು ಸಿಗುವುದು ಹೀರುವ ಶಕ್ತಿಯ ಮಾತು. ಯಾವುದು ಎಷ್ಟು ಹೊತ್ತು ಸೋರದೆ ನಿಲ್ಲುತ್ತದೆ, ಯಾವುದರ ಒಳಮೈ ಮೆತ್ತಗಿದೆ, ಯಾವುದನ್ನು ತೊಡಿಸುವುದು ಸುಲಭ ಎಂಬಷ್ಟರಲ್ಲೇ ಹೋಲಿಕೆ ಮುಗಿದುಹೋಗುತ್ತದೆ. ಹಾಗೆ ಹೋಲಿಸುವವರ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವಿರಬಹುದು, ಇಲ್ಲವೇ ವರ್ಷದ ಹೆಚ್ಚಿನ ದಿನ ಬಿಸಿಲು ಬೀಳುವ ಬಾಲ್ಕನಿಯಿರಬಹುದು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯವರಾದ ನಮಗೆ ಅವೆರಡೂ ಇಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯ ದೊಡ್ಡ ಪಾಲು ಸೆಪ್ಟೆಂಬರಿನೊಳಗೆ ನಮ್ಮ ಮಾಡಿನ ಮೇಲೆಯೇ ಬಿದ್ದು ಮುಗಿಯುತ್ತದೆ. ನನ್ನ ಮಗಳು ಹುಟ್ಟಿದ್ದು ಮಳೆಗಾಲದ ಬಾಗಿಲಿನಲ್ಲಿ. ಆದ್ದರಿಂದ ಡೈಪರುಗಳನ್ನು ಆರಿಸುವಾಗ ನಾನು ಮೊದಲು ಕೇಳಿದ ಪ್ರಶ್ನೆ ಒಂದೇ ಆಗಿತ್ತು: ಇದು ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಒಣಗುತ್ತದೆಯೇ? ಉಳಿದ ಗುಣಗಳೆಲ್ಲ ಆ ಪ್ರಶ್ನೆಯ ಹಿಂದೆ ಸಾಲುಗಟ್ಟಿ ನಿಲ್ಲಬೇಕಾದವು ಎಂದೇ ಇಂದಿಗೂ ನನ್ನ ಅಭಿಪ್ರಾಯ.

ಒದ್ದೆ ಬಟ್ಟೆಯ ನೀರು ಆರುವುದು ಅದರ ಮೇಲ್ಮೈಯಿಂದ. ಒಂದೇ ಪದರವಾಗಿ ಹರಡಿದ ಬಟ್ಟೆಗೆ ಎರಡೂ ಬದಿಯಲ್ಲಿ ಗಾಳಿ ತಾಗುತ್ತದೆ. ಅದೇ ಬಟ್ಟೆಯನ್ನು ಎಂಟು ಪದರ ಮಡಚಿ ಹೊಲಿದುಬಿಟ್ಟರೆ ಅದು ಹಿಡಿದುಕೊಂಡ ನೀರು ಅಷ್ಟೇ ಇರುತ್ತದೆ, ಗಾಳಿ ತಾಗುವ ಜಾಗ ಮಾತ್ರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅಂಗಳದಲ್ಲಿ ಅಡಕೆಯ ಪಕ್ಕ ಹರಡಿದ ಯಾವ ಬಟ್ಟೆಯಾದರೂ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತದೆ. ಗಾಳಿಯೇ ತೇವವನ್ನು ಹೊತ್ತುಕೊಂಡಿರುವ ಜುಲೈಯಲ್ಲಿ ಹಾಗಲ್ಲ. ಹೊರಗಿನ ಪದರ ಒಣಗಿದಂತೆ ಕಂಡರೂ ನಡುವಿನ ಪದರ ಕೈಗೆ ತಣ್ಣಗೆ ತಾಗುತ್ತಲೇ ಇರುತ್ತದೆ. ಹಾಗೆಯೇ ಇನ್ನೊಂದು ದಿನ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಅದರ ಬೆನ್ನಿಗೆ ಹೊಲಿಗೆಯ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಬೂಷ್ಟಿನ ಆ ಚುಕ್ಕೆ ಒಮ್ಮೆ ಬಂದರೆ ಬಿಸಿಲಿಗೂ ಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ಬಗೆಬಗೆಯ ಹೆಸರುಗಳಿಂದ ಸಿಗುವ ಬಟ್ಟೆ ಡೈಪರುಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ: ಒಗೆದ ಮೇಲೆ ಅದರ ಪದರಗಳು ಬಿಡಿಸಿಕೊಳ್ಳುತ್ತವೆಯೋ, ಇಲ್ಲವೋ.

ಪೂರ್ತಿ ಬಿಡಿಸಿಕೊಳ್ಳುವುದು ಫ್ಲಾಟ್ ಎಂದು ಕರೆಯುವ ಬಗೆ. ಅದೊಂದು ದೊಡ್ಡ ಚೌಕದ ಹತ್ತಿ ಬಟ್ಟೆ, ಮತ್ತೇನೂ ಅಲ್ಲ. ಬೇಕಾದಂತೆ ಮಡಚಿ ಸೊಂಟಕ್ಕೆ ಸುತ್ತುವುದು, ಒಗೆದ ಮೇಲೆ ಬಿಡಿಸಿ ಬಟ್ಟೆ ಒಣಗಿಸುವ ಬಳ್ಳಿಗೆ (ಹಗ್ಗಕ್ಕೆ) ಹಾಕುವುದು. ನಮ್ಮ ಅಜ್ಜಿಯರ ಕಾಲದಲ್ಲಿ ಇದಕ್ಕೆ ಹಳೆಯ ಮುಂಡು, ಹಳೆಯ ಸೀರೆ ಇದ್ದವು. ಗಟ್ಟಿತನಕ್ಕೆ ಹೆಸರಾದ, ಈಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದಿರುವ ಕಾಸರಗೋಡು ಸೀರೆಯೂ ನವೆದು ಮೆತ್ತಗಾದ ಮೇಲೆ ಕೊನೆಗೆ ತೊಟ್ಟಿಲಿಗೋ ಲಂಗೋಟಿಗೋ ಒದಗುತ್ತಿತ್ತು. ಈಗ ಆನ್‌ಲೈನಿನಲ್ಲಿ ಮಸ್ಲಿನ್ ಚೌಕಗಳು ಚಂದದ ಪೆಟ್ಟಿಗೆಯಲ್ಲಿ ಬರುತ್ತವೆ. ಅವುಗಳ ಅಳತೆ ನೋಡಿದಾಗ ನನಗೆ ಹೊಳೆದದ್ದು ತೋರ್ತು. ಕೇರಳದ ಯಾವ ಜವಳಿ ಅಂಗಡಿಯಲ್ಲೂ ಸಿಗುವ ಈ ತೆಳ್ಳಗಿನ ಕೈಮಗ್ಗದ ಬೈರಾಸಿನ, ಎಂದರೆ ಮೈ ಒರೆಸುವ ಬಟ್ಟೆಯ, ನೇಯ್ಗೆ ಸಡಿಲ, ನೀರು ಕುಡಿಯುವುದು ಬೇಗ, ಒಣಗುವುದು ಅದಕ್ಕಿಂತ ಬೇಗ. ಇಷ್ಟು ತೇವದ ನಾಡಿನಲ್ಲಿ ದಪ್ಪ ಟರ್ಕಿ ಟವೆಲನ್ನು ಬದಿಗಿಟ್ಟು ಜನ ಇದನ್ನೇ ಹೆಗಲಿಗೆ ಹಾಕಿಕೊಂಡದ್ದು ಸುಮ್ಮನೆ ಅಲ್ಲ. ಸುಮಾರು 30 ಅಂಗುಲ ಅಗಲ, 60 ಅಂಗುಲ ಉದ್ದದ ತೋರ್ತನ್ನು ನಡುವೆ ಕತ್ತರಿಸಿ ಅಂಚು ಹೊಲಿದರೆ ಎರಡು ಚೌಕಗಳಾಗುತ್ತವೆ, ಪೆಟ್ಟಿಗೆಯಲ್ಲಿ ಬರುವ ಫ್ಲಾಟಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಹೊಸ ತೋರ್ತಿನಲ್ಲಿ ಗಂಜಿ ಇರುತ್ತದೆ. ಹಲವು ಸಲ ಬಿಸಿನೀರಿನಲ್ಲಿ ಒಗೆದ ಮೇಲೆಯೇ ಅದು ಸರಿಯಾಗಿ ಹೀರತೊಡಗುತ್ತದೆ, ಮಗುವಿನ ಚರ್ಮಕ್ಕೆ ಬೇಕಾದಷ್ಟು ಮೆತ್ತಗೂ ಆಗುತ್ತದೆ. ಹೆರಿಗೆಗೆ ಮುಂಚೆ ಸಮಯ ಇರುವವರು ಇದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅದೇ ಹತ್ತಿಯನ್ನು ಆಯತಾಕಾರಕ್ಕೆ ಮಡಚಿ, ನಡುವೆ ಹೆಚ್ಚು ಪದರ ಬರುವಂತೆ ಹೊಲಿದರೆ ಅದು ಪ್ರೀಫೋಲ್ಡ್. ಮಡಚುವ ಕೆಲಸ ಉಳಿಯುತ್ತದೆ, ಒಣಗುವ ಕೆಲಸ ಹೆಚ್ಚುತ್ತದೆ. ಕಾಲಿನ ಸುತ್ತ ಎಲಾಸ್ಟಿಕ್ ಇಟ್ಟು ಚಡ್ಡಿಯ ಆಕಾರದಲ್ಲೇ ಹೊಲಿದ ಫಿಟೆಡ್ ಎಂಬ ಬಗೆ ಸೋರುವುದು ತೀರಾ ಕಡಿಮೆ, ಆದರೆ ಮಳೆಗಾಲದಲ್ಲಿ ಅದರ ಎಲಾಸ್ಟಿಕ್ಕಿನ ಸುಕ್ಕಿನೊಳಗಿನ ತೇವ ಹೋಗಬೇಕಾದರೆ ಇಸ್ತ್ರಿ ಪೆಟ್ಟಿಗೆಯ ಮೊರೆ ಹೋಗಬೇಕು.

ಇವತ್ತು ಬಟ್ಟೆ ಡೈಪರ್ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಪಾಕೆಟ್ ಡೈಪರ್. ಹೊರಗೆ ಬಣ್ಣದ ಚಿತ್ತಾರದ ನೀರು ತಡೆಯುವ ಬಟ್ಟೆ, ಒಳಗೆ ಪಾಲಿಯೆಸ್ಟರಿನ ಮೆತ್ತನೆಯ ಒಳಪದರ, ಇವೆರಡರ ನಡುವಿನ ಚೀಲದೊಳಗೆ ತುರುಕುವ ಇನ್ಸರ್ಟ್ ಎಂಬ ಹೀರುಬಟ್ಟೆ. ಒಗೆಯುವಾಗ ಇನ್ಸರ್ಟನ್ನು ಹೊರಗೆಳೆದರೆ ಚಿಪ್ಪು ಬೇರೆ, ಹೀರುಬಟ್ಟೆ ಬೇರೆ. ಚಿಪ್ಪು ಒಂದು ರಾತ್ರಿ ಫ್ಯಾನಿನ ಕೆಳಗಿದ್ದರೆ ಒಣಗುತ್ತದೆ; ಇನ್ಸರ್ಟಿನ ಪಾಡು ಅದರ ನೂಲಿನ ಮೇಲೆ. ಇದಕ್ಕಿಂತ ಮುಂದುವರಿದದ್ದೆಂದು, ಬೆಲೆಯಲ್ಲೂ ಮೇಲಿಟ್ಟು, ಮಾರುವುದು ಆಲ್-ಇನ್-ಒನ್. ಇದರಲ್ಲಿ ಹೀರುಬಟ್ಟೆಯನ್ನು ಚಿಪ್ಪಿಗೇ ಹೊಲಿದಿರುತ್ತಾರೆ. ಬಳಸಿ ಎಸೆಯುವ ಡೈಪರಿನಷ್ಟೇ ಸುಲಭವಾಗಿ ತೊಡಿಸಬಹುದು ಎಂಬುದು ನಿಜವೇ. ಆದರೆ ನೀರು ದಾಟದ ಹೊರಬಟ್ಟೆಗೆ ಅಂಟಿಕೊಂಡ ದಪ್ಪ ಹೀರುಬಟ್ಟೆಗೆ ಗಾಳಿ ತಾಗುವುದು ಒಂದೇ ಬದಿಯಿಂದ. ಉಡುಗೊರೆಯಾಗಿ ಬಂದ ಇಂಥದ್ದೊಂದನ್ನು ಬಾಣಂತನದ ಸಮಯದಲ್ಲಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಅಮ್ಮ, “ಚಂದ ಉಂಟು, ಆದರೆ ಇದು ಒಣಗುವುದು ಯಾವಾಗ ಮಾರಾಯ್ತಿ?” ಎಂದು ಕೇಳಿ ಮತ್ತೆ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ನವೆಂಬರಿನವರೆಗೂ ಅದು ಪೆಟ್ಟಿಗೆಯೊಳಗೇ ಇತ್ತು.

ನೀರು ತಡೆಯುವ ಪದರವನ್ನೂ ಹೀರುವ ಬಟ್ಟೆಯನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಳ್ಳುವುದು ಹೊಸ ಯೋಚನೆಯೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಹೊಲಿಗೆ ಯಂತ್ರದಲ್ಲಿ ಬಟ್ಟೆ ಡೈಪರಿಗೊಂದು ಹೊರಕವಚ ಮಾಡಿದಳು. ಆಮೇಲೆ ಪ್ಯಾರಾಚೂಟಿನ ನೈಲಾನಿನಿಂದ ಅದನ್ನು ಸುಧಾರಿಸಿ, ಚುಚ್ಚುವ ಸೇಫ್ಟಿ ಪಿನ್ನಿನ ಜಾಗಕ್ಕೆ ಟಿಚ್ ಬಟನ್ ತಂದಳು. 1949ರಲ್ಲಿ ಅದು ನ್ಯೂಯಾರ್ಕಿನ ಅಂಗಡಿಗೆ ಬಂತು, 1951ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮುಂಚಿನ ರಬ್ಬರ್ ಚಡ್ಡಿಗಳಲ್ಲಿ ಮಗುವಿನ ಚರ್ಮ ಬೆಂದಂತಾಗುತ್ತಿತ್ತು. ಈಗಿನ ಕವರುಗಳು ಪಿಯುಎಲ್‌ನಿಂದ ಮಾಡಿದವು, ಎಂದರೆ ಪಾಲಿಯೆಸ್ಟರ್ ಬಟ್ಟೆಯ ಒಂದು ಮೈಗೆ ಪಾಲಿಯುರಿಥೇನಿನ ತೆಳ್ಳಗಿನ ಪೊರೆ ಕೂಡಿಸಿದವು. ಮೂತ್ರ ಮಾತ್ರ ಆಗಿದ್ದರೆ ಒಳಗಿನ ತೋರ್ತನ್ನು ಬದಲಿಸಿ, ಕವರನ್ನು ಒರೆಸಿ ಮತ್ತೆ ಅದನ್ನೇ ತೊಡಿಸಬಹುದು. ಮಳೆಗಾಲದಲ್ಲಿ ನಮ್ಮನ್ನು ಬದುಕಿಸಿದ್ದು ಈ ತೋರ್ತು-ಕವರಿನ ಜೋಡಿ. ಉಣ್ಣೆಯ ಕವರುಗಳೂ ಇವೆ, ಶೀತದೇಶದವರು ಅವನ್ನು ಬಹಳ ಹೊಗಳುತ್ತಾರೆ. ಬೆಳ್ಳಿಮೀನು ಹುಳ ಪುಸ್ತಕವನ್ನೇ ಬಿಡದ ನಮ್ಮ ಕಪಾಟುಗಳಿಗೆ ಆ ಮಾತು ಬೇಡ.

ನೂಲಿನ ವಿಚಾರದಲ್ಲಿ ಮಾರಾಟಗಾರರ ಹೊಗಳಿಕೆಯನ್ನು ಅರ್ಧಕ್ಕೆ ಇಳಿಸಿ ಓದಬೇಕು. ಬಿದಿರಿನ ಬಟ್ಟೆ ಎಂದು ಮಾರುವುದು ಬಹುತೇಕ ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ಎಳೆ ಅದು. ಹತ್ತಿಗಿಂತ ಹೆಚ್ಚು ಹೀರುತ್ತದೆ, ಅಷ್ಟೇ ನಿಧಾನವಾಗಿ ಒಣಗುತ್ತದೆ. ಸೆಣಬಿನಂತೆ ಗಿಡದ ನಾರಿನಿಂದ ಬರುವ ಹೆಂಪ್ ಅದಕ್ಕಿಂತಲೂ ಹೆಚ್ಚು ಹಿಡಿದುಕೊಳ್ಳುತ್ತದೆ, ಅದಕ್ಕಿಂತಲೂ ನಿಧಾನ. ಅಗ್ಗದ ಪಾಕೆಟ್ ಡೈಪರುಗಳ ಜೊತೆ ಬರುವ ಮೈಕ್ರೋಫೈಬರ್ ಇನ್ಸರ್ಟ್ ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಮಳೆನಾಡಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಮಗು ಕುಳಿತು ಒತ್ತಡ ಬಿದ್ದಾಗ ಹೀರಿದ್ದನ್ನೆಲ್ಲ ಹೊರಗೆ ಬಿಡುತ್ತದೆ. ಅದನ್ನು ನೇರವಾಗಿ ಚರ್ಮಕ್ಕೆ ತಾಗಿಸಲೂ ಬಾರದು, ಚರ್ಮದ ಪಸೆಯನ್ನೂ ಅದು ಎಳೆದುಕೊಂಡುಬಿಡುತ್ತದೆ. ಹಾಗಾಗಿಯೇ ಅದರ ಮೇಲೆ ಒಳಪದರ ಬೇಕಾಗುವುದು.

ಆ ಒಳಪದರದಿಂದಲೇ ನಮ್ಮ ಕಡೆ ಇನ್ನೊಂದು ತೊಡಕು ಹುಟ್ಟುತ್ತದೆ. ಇಲ್ಲಿ ಮಗುವಿಗೆ ದಿನವೂ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಮೀಯಿಸುತ್ತಾರೆ. ಮಿಂದ ಮೇಲೂ ತೊಡೆಯ ಸಂದಿಗೆ ಒಂದಿಷ್ಟು ಎಣ್ಣೆ ಸವರುವುದುಂಟು. ಪಾಲಿಯೆಸ್ಟರಿನ ಗುಣವೆಂದರೆ ಅದಕ್ಕೆ ನೀರಿಗಿಂತ ಎಣ್ಣೆಯ ಸಖ್ಯ ಹೆಚ್ಚು. ದಿನದಿನವೂ ಎಣ್ಣೆ ಕುಡಿದ ಒಳಪದರ ಕೆಲವು ವಾರಗಳಲ್ಲಿ ಕೆಸುವಿನೆಲೆಯಂತಾಗುತ್ತದೆ: ಮೂತ್ರ ಒಳಗಿಳಿಯದೆ ಮೇಲೆಯೇ ಉರುಳಿ ತೊಡೆಯ ಅಂಚಿನಿಂದ ಹೊರಗೆ ಹರಿಯುತ್ತದೆ. ಜನ ಇದನ್ನು ಡೈಪರಿನ ದೋಷವೆಂದು ತಿಳಿದು ಹೊಸದನ್ನು ಕೊಳ್ಳುತ್ತಾರೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ದ್ರವವೂ ಇದೇ ಕೆಲಸ ಮಾಡುತ್ತದೆ, ಅದನ್ನು ಯಾವ ಬಗೆಯ ಡೈಪರಿಗೂ ಹಾಕಬಾರದು. ಹತ್ತಿಗೂ ಎಣ್ಣೆ ಹಿಡಿಯುತ್ತದೆ, ಆದರೆ ಹತ್ತಿಯನ್ನು ಕುದಿಯುವ ನೀರಿಗೆ ಹಾಕಿ ಸಾಬೂನು ಪುಡಿಯಲ್ಲಿ ನೆನೆಸಿ ಎಣ್ಣೆ ಬಿಡಿಸಬಹುದು. ಪಿಯುಎಲ್ ಪೊರೆ ಅಂಥ ಬಿಸಿಯನ್ನು ತಾಳುವುದಿಲ್ಲ. ಬಟ್ಟೆಯಿಂದ ಬಿಟ್ಟುಕೊಂಡು ಗುಳ್ಳೆಯೇಳುತ್ತದೆ. ಅಡಕೆ ಸಿಪ್ಪೆಯ ಬೆಂಕಿಗೆ ಹಂಡೆಯ ನೀರು ದಿನವಿಡೀ ಕಾಯುತ್ತಿರುವ ಮನೆಗಳಲ್ಲಿ, ಬಿಸಿನೀರು ತಾಳುವ ಬಟ್ಟೆ ಯಾವುದು ಎಂಬುದು ಸಣ್ಣ ಸಂಗತಿಯಲ್ಲ. ಅಂಟುವಾಳದಲ್ಲಿ ಒಗೆದರೆ ಸಾಕು ಎನ್ನುವವರಿದ್ದಾರೆ. ರೇಷ್ಮೆ ಸೀರೆಗೆ ಅದು ಸರಿ. ತೆಂಗಿನೆಣ್ಣೆ ಮೆತ್ತಿದ ಮಗುವಿನ ಬಟ್ಟೆಗೆ ಅದರ ಶಕ್ತಿ ಸಾಲದೆಂದು ನನಗೆ ತೋರಿದೆ.

ನೀರಿನ ಬಗ್ಗೆ ಓದಿದ ಸಲಹೆಗಳೂ ಇಲ್ಲಿಗೆ ಹೊಂದಲಿಲ್ಲ. ಗಡಸು ನೀರಿನ ಲವಣ ಬಟ್ಟೆಯಲ್ಲಿ ಕೂತು ಅಮೋನಿಯದ ಘಾಟು ಬರುತ್ತದೆ, ಅದಕ್ಕೆ ಹೆಚ್ಚು ಪುಡಿ ಹಾಕಿ, ಆಗಾಗ ನೆನೆಸಿ ಲವಣ ಬಿಡಿಸಿ ಎಂದೆಲ್ಲ ಹೇಳುತ್ತಾರೆ. ಕೊಳವೆಬಾವಿಯ ನೀರು ಬಳಸುವ ಬೆಂಗಳೂರಿನ ಮನೆಗಳಿಗೆ ಅದು ಬೇಕಾದೀತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ತೆರೆದ ಬಾವಿಯ ನೀರು, ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಹರಿದುಬರುವ ನೀರು ಸಾಮಾನ್ಯವಾಗಿ ಮೆದು. ಅದರಲ್ಲಿ ಸ್ವಲ್ಪ ಪುಡಿಗೂ ನೊರೆ ಬಹಳ, ಆ ನೊರೆಯನ್ನು ಪೂರ್ತಿ ತೊಳೆದು ತೆಗೆಯುವುದೇ ಇಲ್ಲಿನ ಕೆಲಸ. ಉಳಿದ ಸಾಬೂನು ಚರ್ಮಕ್ಕೆ ತುರಿಕೆ ತರುತ್ತದೆ. ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದು ಬಿಳಿ ಬಟ್ಟೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಅದನ್ನು ಬಿಳಿ ಮಾಡಲು ಬ್ಲೀಚ್ ಹಾಕಿದರೆ ಕಬ್ಬಿಣದ ಕಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಎದೆಹಾಲು ಕುಡಿಯುವ ಮಗುವಿನ ಮಲದ ಹಳದಿ ಕಲೆಗಾದರೆ ಬಿಸಿಲೇ ಸಾಕು. ಒದ್ದೆಯಾಗಿರುವಾಗಲೇ ಬಿಸಿಲಿಗೆ ಹಾಕಿದರೆ ಸಂಜೆಗೆ ಕಾಣದಂತೆ ಮಾಯವಾಗುತ್ತದೆ. ಬಿಸಿಲಿಲ್ಲದ ತಿಂಗಳುಗಳಲ್ಲಿ ಕಲೆಯ ಜೊತೆ ಬದುಕುವುದನ್ನು ರೂಢಿಸಿಕೊಳ್ಳಬೇಕು, ಕಲೆ ಕೊಳೆಯಲ್ಲ.

ಅಮ್ಮನಿಗಿದ್ದ ಇನ್ನೊಂದು ಭಯ ಅನೇಕ ಮನೆಗಳಲ್ಲಿ ಇರುವಂಥದ್ದು. “ಕಾಲ ಸಂದಿಯಲ್ಲಿ ಇಷ್ಟು ದಪ್ಪದ್ದು ಇಟ್ಟರೆ ಮಗುವಿನ ಕಾಲು ಸೊಟ್ಟ ಆಗುವುದಿಲ್ಲವಾ?” ಎಂದು ಅವಳು ಕೇಳುತ್ತಿದ್ದಳು. ಎಳೆಯ ಮಕ್ಕಳ ಕಾಲು ಬಾಗಿರುವುದು ಗರ್ಭದೊಳಗೆ ಮಡಚಿಕೊಂಡಿದ್ದ ಭಂಗಿಯಿಂದ; ಎರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿ ನೇರವಾಗುತ್ತದೆ. ಸೊಂಟದ ಕೀಲಿಗೆ ತೊಡೆಗಳು ಅಗಲವಾಗಿ ಮಡಚಿಕೊಂಡಿರುವುದೇ ಒಳ್ಳೆಯದು. ತೊಂದರೆಯಾಗುವುದು ಎರಡೂ ಕಾಲುಗಳನ್ನು ನೇರ ಮಾಡಿ ಜೋಡಿಸಿ ಬಿಗಿಯಾಗಿ ಸುತ್ತಿದಾಗ. ಆದರೆ ಅಮ್ಮನ ಮತ್ತೊಂದು ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸರಿಯಾಗಿಯೇ ಇತ್ತು: ದಿನವಿಡೀ ಏನನ್ನೂ ಕಟ್ಟಿಡಬೇಡ ಎಂಬುದು. ತೇವ, ಶಾಖ, ಮೂತ್ರ ಮಲಗಳ ಸಂಪರ್ಕ ಇವೆಲ್ಲ ಸೇರಿದಲ್ಲೇ ದದ್ದು ಏಳುವುದು, ಶಿಲೀಂಧ್ರದ ಸೋಂಕೂ ಅಲ್ಲೇ ಹಿಡಿಯುವುದು. ಕವರು ಎಷ್ಟೇ ಒಳ್ಳೆಯದಾದರೂ ಎರಡು ಮೂರು ಗಂಟೆಗೊಮ್ಮೆ ಬದಲಿಸಲೇಬೇಕು. ಹಗಲಿನಲ್ಲಿ ರಬ್ಬರ್ ಶೀಟಿನ ಮೇಲೆ ಹಳೆಯ ಮುಂಡು ಹಾಸಿ, ಮಗುವನ್ನು ಬರಿಮೈಯಲ್ಲಿ ಮಲಗಿಸುತ್ತಿದ್ದ ಹೊತ್ತು ಯಾವ ಮುಲಾಮಿಗಿಂತಲೂ ಹೆಚ್ಚು ಉಪಕಾರ ಮಾಡಿತು. ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗೆ ಬಟ್ಟೆಯ ಅಂಚನ್ನು ಹೊಕ್ಕುಳಿನ ಕೆಳಗೆ ಮಡಚಬೇಕಾದಾಗಲೂ, ಅಳತೆ ಹೊಲಿದಿಟ್ಟ ಡೈಪರಿಗಿಂತ ಫ್ಲಾಟೇ ಅನುಕೂಲ.

ಇಷ್ಟೆಲ್ಲ ಯಾಕೆ, ಬಳಸಿ ಎಸೆಯುವುದನ್ನೇ ತಂದರಾಗದೇ ಎಂದು ಕೇಳಿದವರಿಗೆ ಪರಿಸರದ ಹೆಸರು ಹೇಳಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷ ಎಸೆಯುವ ಡೈಪರ್ ಬಳಸಿದರೆ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ ಎಂದೂ, ಅಲ್ಲಿನ ಸರಾಸರಿ ರೀತಿಯಲ್ಲಿ ಒಗೆದ ಬಟ್ಟೆ ಡೈಪರಿನದು 570 ಕಿಲೋ ಎಂದೂ ಲೆಕ್ಕ ಬಂತು. ಯಂತ್ರದಲ್ಲಿ ಒಣಗಿಸದೆ ಬಳ್ಳಿಗೆ ಹಾಕಿ, ಒಮ್ಮೆಗೇ ತುಂಬ ಬಟ್ಟೆ ಒಗೆದು, ಎರಡನೆಯ ಮಗುವಿಗೂ ಅವನ್ನೇ ಬಳಸಿದರೆ ಆ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆ ಎಂದೂ ಅದೇ ಅಧ್ಯಯನ ಹೇಳಿತು. ನಮ್ಮ ಹಳ್ಳಿಯ ಮನೆಗಳು ಹುಟ್ಟಿನಿಂದಲೇ ಬಳ್ಳಿಯ ಕಡೆಯವು. ಆದರೆ ನನ್ನ ಮಟ್ಟಿಗೆ ತೀರ್ಮಾನ ಕೊಟ್ಟದ್ದು ಇಂಗಾಲದ ಲೆಕ್ಕವಲ್ಲ, ಎಸೆಯುವುದು ಎಲ್ಲಿಗೆ ಎಂಬ ಪ್ರಶ್ನೆ. ಡೈಪರನ್ನು ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಹೇಳಿತ್ತು, ಬುಟ್ಟಿಯನ್ನು ಒಯ್ಯುವವರು ಬಾಗಿಲಿಗೆ ಬರುವ ಊರಿಗೆ ಅಂಥ ನಿಯಮ ಸರಿ. ತೋಟದ ನಡುವಿನ ಮನೆಯಲ್ಲಿ ಇರುವ ದಾರಿ ಮೂರೇ: ಸುಡುವುದು, ಹೂಳುವುದು, ತೋಡಿಗೆ (ಹಳ್ಳಕ್ಕೆ) ಬಿಡುವುದು. ಅದರ ಹೊರಪದರ ಪ್ಲಾಸ್ಟಿಕ್, ಒಳಗೆ ನೀರು ಹೀರಿ ಲೋಳೆಯಾಗುವ ರಾಸಾಯನಿಕ ಪುಡಿ. ನೀರು ಕುಡಿದು ಉಬ್ಬಿದ್ದು ಮಳೆಗಾಲದಲ್ಲಿ ಸುಟ್ಟರೆ ಸುಡುವುದಿಲ್ಲ, ಹೂತರೆ ನಾಯಿ ಬಿಡುವುದಿಲ್ಲ, ತೋಡಿಗೆ ಬಿಟ್ಟರೆ ಕೆಳಗಿನ ಗದ್ದೆಯವರ ಕಟ್ಟಕ್ಕೆ ಹೋಗಿ ನಿಲ್ಲುತ್ತದೆ.

ಎಷ್ಟು ಬೇಕು ಎಂಬುದಕ್ಕೂ ಉತ್ತರ ಒಣಗುವಿಕೆಯಲ್ಲೇ ಇದೆ. ಎಳೆಯ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬಟ್ಟೆ ಬದಲಿಸಬೇಕಾಗುತ್ತದೆ. ಬೇಸಗೆಯಲ್ಲಿ ಒಂದು ದಿನದ ಬಟ್ಟೆ ಬಳ್ಳಿಯ ಮೇಲೆ, ಒಂದು ದಿನದ್ದು ಕೈಯಲ್ಲಿ ಇದ್ದರೆ ನಡೆಯುತ್ತದೆ. ಒಣಗಲು ಎರಡು ದಿನ ಹಿಡಿಯುವಾಗ ಮೂರು ದಿನದ್ದು ಬೇಕು, ಎಂದರೆ 30ರಿಂದ 36. ಅಷ್ಟನ್ನೂ ಪಾಕೆಟ್ ಡೈಪರಾಗಿ ಕೊಳ್ಳುವುದಾದರೆ, ಅಗ್ಗದ್ದಕ್ಕೇ 200ರಿಂದ 300 ರೂಪಾಯಿ ಇರುವಾಗ, ಒಟ್ಟು ಮೊತ್ತ ಆರು ಸಾವಿರದಿಂದ ಹತ್ತು ಸಾವಿರದ ಆಚೆಗೂ ಹೋಗುತ್ತದೆ. ತೋರ್ತಿನ ಚೌಕಗಳು ಅಷ್ಟೇ ಸಂಖ್ಯೆಯಲ್ಲಿದ್ದು ಕವರು ಐದಾರು ಇದ್ದರೆ ಅದರ ಮೂರನೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ಹಣಕ್ಕಿಂತ ಮುಖ್ಯವಾದ ಇನ್ನೊಂದಿದೆ. ಡೈಪರನ್ನು ಆರಿಸುವವರು ಒಬ್ಬರು, ಒಗೆಯುವವರು ಇನ್ನೊಬ್ಬರು ಆಗಿರುವ ಮನೆಗಳೇ ಹೆಚ್ಚು. ಗಂಡನ ಮನೆಗೆ ಬಂದ ಮೇಲೆ ನಮ್ಮಲ್ಲಿ ಒಗೆಯುವುದು ಮಗಳ ಅಪ್ಪನ ಕೆಲಸವಾಯಿತು; ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಮಾತೂ ಅಂದಿನಿಂದ ಅವರದೇ. ಹೀರುಬಟ್ಟೆಯನ್ನು ಚೀಲದೊಳಗೆ ತುರುಕುವುದು, ಮತ್ತೆ ಹೊರಗೆಳೆಯುವುದು ಅವರಿಗೆ ಮೊದಲ ವಾರದಲ್ಲೇ ಬೇಸರ ತಂದಿತ್ತು. ಅತ್ತೆ ಮಾತ್ರ ಮಗ ಒಗೆಯುವ ಕಲ್ಲಿನ ಬಳಿ ನಿಂತದ್ದನ್ನು ನೋಡಿ ಬಹಳ ದಿನ ಏನೂ ಹೇಳದೆ, ಆಮೇಲೆ ಹಿಂಡುವ ರೀತಿ ಸರಿಯಿಲ್ಲ ಎಂದು ಹೇಳಿಕೊಟ್ಟರು.

ರಾತ್ರಿಗೆ ತೋರ್ತು ಸಾಲುವುದಿಲ್ಲ. ಅಲ್ಲಿ ನಿಧಾನವಾಗಿ ಒಣಗುವ ಹೆಂಪಿಗೂ ಜಾಗವಿದೆ, ಏಕೆಂದರೆ ರಾತ್ರಿಗೆ ಬೇಕಾದದ್ದು ಒಂದೇ. ಅಂಥವು ನಾಲ್ಕಿದ್ದರೆ ಒಂದೊಂದಕ್ಕೂ ಒಣಗಲು ಮೂರು ದಿನ ಸಿಗುತ್ತದೆ. ಎರಡು ತೋರ್ತಿನ ನಡುವೆ ಹೆಂಪಿನ ಪಟ್ಟಿ ಇಟ್ಟು ಕವರು ಹಾಕಿದರೆ ಬೆಳಗಿನವರೆಗೆ ನಿಶ್ಚಿಂತೆ. ಮಂಗಳೂರಿಗೆ ಡಾಕ್ಟರ ಬಳಿ ಹೋಗುವ ದಿನ, ಮದುವೆ ಮುಂಜಿಯ ದಿನ ಪಾಕೆಟ್ ಡೈಪರ್ ಒಳ್ಳೆಯದು; ಬದಲಿಸುವವರು ಯಾರೇ ಆದರೂ ಮಡಚುವ ವಿದ್ಯೆ ಬೇಕಾಗಿಲ್ಲ. ಕೈಯಲ್ಲಿ ಏನೂ ಒಣಗಿರದ ಕೆಲವು ರಾತ್ರಿ ಎಸೆಯುವ ಡೈಪರನ್ನೂ ತೊಡಿಸಿದ್ದೇವೆ, ಅದಕ್ಕಾಗಿ ಮನಸ್ಸಿಗೆ ನೋವೇನೂ ಮಾಡಿಕೊಂಡಿಲ್ಲ.

ಪೆರ್ಲದಲ್ಲಿರುವ ನಾದಿನಿಗೆ ಡಿಸೆಂಬರಿನಲ್ಲಿ ಹೆರಿಗೆ. ನನ್ನ ಲೆಕ್ಕವನ್ನು ಹಾಗೆಯೇ ಅವಳಿಗೆ ದಾಟಿಸುವುದಕ್ಕಾಗುವುದಿಲ್ಲ. ಪದೇ ಪದೇ ಬದಲಿಸಬೇಕಾದ ಮೊದಲ ತಿಂಗಳುಗಳು ಅವಳಿಗೆ ಬಿಸಿಲಿನಲ್ಲೇ ಕಳೆಯುತ್ತವೆ, ಆದ್ದರಿಂದ ಕಡಿಮೆ ಸಂಖ್ಯೆ ಸಾಕು. ಪಾಕೆಟ್ ಡೈಪರುಗಳನ್ನೇ ಹೆಚ್ಚಾಗಿ ಇಟ್ಟುಕೊಂಡರೂ ನಡೆದೀತು. ಮಳೆ ಬರುವ ಹೊತ್ತಿಗೆ ಮಗುವಿಗೆ ಆರು ತಿಂಗಳಾಗಿರುತ್ತದೆ, ಬದಲಿಸುವ ಸಲ ಕಡಿಮೆಯಾಗಿ ಒಂದು ಸಲದ ಪ್ರಮಾಣ ಹೆಚ್ಚಿರುತ್ತದೆ, ಆಗ ತೋರ್ತುಗಳನ್ನು ಎರಡೆರಡಾಗಿ ಜೋಡಿಸಬೇಕು. ಅನ್ನ ಶುರುವಾದ ಮೇಲಿನ ಮಲ ಬೇರೆಯೇ ಬಗೆಯದು, ಅದನ್ನು ಮೊದಲು ಪಾಯಿಖಾನೆಗೆ ಕೊಡವಿ ಆಮೇಲೆ ಒಗೆಯಬೇಕು ಎಂದೂ ಹೇಳಿದ್ದೇನೆ. ಅವಳು ಇದನ್ನೆಲ್ಲ ಕೇಳಿಸಿಕೊಂಡು, “ಅದಿರಲಿ ಅತ್ತಿಗೆ, ಟಿಚ್ ಬಟನ್ ತೆಗೆದುಕೊಳ್ಳಲೋ, ವೆಲ್ಕ್ರೋ ತೆಗೆದುಕೊಳ್ಳಲೋ?” ಎಂದು ಕೇಳಿದಳು. ಟಿಚ್ ಬಟನ್ ಎಂದೆ. ವೆಲ್ಕ್ರೋ ಒಗೆಯುವಾಗ ತೋರ್ತಿನ ನೂಲನ್ನೆಲ್ಲ ಎಳೆದುಹಾಕುತ್ತದೆ, ಸಾಲದ್ದಕ್ಕೆ ತೆವಳಲು ಕಲಿತ ಮಗು ಅದನ್ನು ಕಿತ್ತು ಬಿಚ್ಚುವುದನ್ನೂ ಬೇಗ ಕಲಿಯುತ್ತದೆ.